ಎಲ್ಲಿಗೂ ತಲುಪದ ಫೋನು: ಹಳೆಯ ಎಸ್‌ಟಿಡಿ ಬೂತನ್ನು ಮತ್ತೆ ಕಟ್ಟಿದ ವಿವರ

ಗುಜರಿ ಅಂಗಡಿಯವನು ಅದನ್ನು ಬಿಚ್ಚಿ ಪ್ಲೈವುಡ್ಡಿನ ಲೆಕ್ಕದಲ್ಲಿ ಮಾರುವವನಿದ್ದ. ಮೂರು ಅಡಿ ಅಗಲ, ಮೂರು ಅಡಿ ಉದ್ದ, ಏಳು ಅಡಿ ಎತ್ತರದ ಕ್ಯಾಬಿನ್. ಒಳಗೆ ಕಂದು ಸನ್‌ಮೈಕಾ, ಮುಂದೆ ಅಲ್ಯೂಮಿನಿಯಂ ಚೌಕಟ್ಟಿನ ಗಾಜಿನ ಬಾಗಿಲು. ಗಾಜಿನ ಮೇಲೆ ಹಳದಿ ಅಕ್ಷರಗಳು ಅರ್ಧ ಸುಲಿದಿದ್ದವು: ಎಸ್‌ಟಿಡಿ, ಐಎಸ್‌ಡಿ, ಪಿಸಿಒ. ಒಳಗಿನ ಪುಟ್ಟ ಹಲಗೆಯ ಮೇಲೆ ಮೊಳೆಯ ಮೊನೆಯಿಂದ ಕೆತ್ತಿದ ಫೋನ್ ನಂಬರುಗಳು. ನಂಬರು ಬರೆದುಕೊಳ್ಳಲು ಕಾಗದ ಸಿಗದವರು ಕೆತ್ತಿದ್ದಿರಬೇಕು. ಆ ಕ್ಯಾಬಿನ್ನನ್ನು ಹಾಗೆಯೇ ಟೆಂಪೊದಲ್ಲಿ ಹಾಕಿಸಿಕೊಂಡು ಬಂದೆ.

ಅದರಿಂದ ನಾನು ಮಾಡಹೊರಟದ್ದು ಇಷ್ಟು. ಯಾರಿಗೋ ಹೇಳಬೇಕೆಂದುಕೊಂಡು ಹೇಳಲಾಗದೆ ಹೋದ ಮಾತನ್ನು ಒಬ್ಬರು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ರಿಸೀವರ್ ಎತ್ತಿ ಹೇಳಿ ಬರಬೇಕು. ಕೇಳಬೇಕಾಗಿದ್ದವರು ತೀರಿಕೊಂಡಿರಬಹುದು, ದೂರವಾಗಿರಬಹುದು, ಅದೇ ಮನೆಯ ಪಕ್ಕದ ಕೋಣೆಯಲ್ಲಿಯೇ ಇರಬಹುದು. ಫೋನು ಯಾರಿಗೂ ತಲುಪಬಾರದು. ಏನೂ ದಾಖಲಾಗಬಾರದು. ಹೇಳಿದವರು ಯಾರೆಂಬುದು ನನಗೂ ತಿಳಿಯಬಾರದು.

ಈ ಕೆಲಸಕ್ಕೆ ಎಸ್‌ಟಿಡಿ ಬೂತನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 1990ರ ದಶಕದಲ್ಲಿ ಇಂಥ ಬೂತಿನಲ್ಲಿ ನಿಂತು ಮಾತನಾಡಿದವರಿಗೆ ಕಣ್ಣೆದುರಿನ ಮೀಟರು ಮರೆತಿರಲಾರದು. ಕೆಂಪು ಅಂಕಿಗಳು ಒಂದೇ ಸಮನೆ ಏರುತ್ತಿದ್ದವು. ರಾತ್ರಿ ದರ ಇಳಿಯುವ ಹೊತ್ತಿಗೆ ಸಾಲು ಬೆಳೆಯುತ್ತಿತ್ತು, ಹೊರಗೆ ಕಾಯುವವರು ಗಾಜು ತಟ್ಟುತ್ತಿದ್ದರು. ಮುಂಬಯಿಯಲ್ಲೋ ಪುಣೆಯಲ್ಲೋ ದುಡಿಯುತ್ತಿದ್ದ ಮಗನ ಜೊತೆ ತಾಯಿ ಊಟದ ವಿಚಾರ, ಮಳೆಯ ವಿಚಾರ, ಮನಿಯಾರ್ಡರು ಬಂದ ವಿಚಾರ ಮುಗಿಸುವಷ್ಟರಲ್ಲಿ ಆ ಕಡೆಯಿಂದ ‘ದುಡ್ಡು ಏರುತ್ತಿದೆ, ಇಡುತ್ತೇನೆ’ ಎಂಬ ಮಾತು ಬರುತ್ತಿತ್ತು. ಲೆಕ್ಕದ ಮಾತೆಲ್ಲ ಮುಗಿಯುತ್ತಿತ್ತು, ಮನಸ್ಸಿನ ಮಾತು ಗಂಟಲಲ್ಲೇ ಉಳಿಯುತ್ತಿತ್ತು.

ನಮ್ಮೂರಿನಿಂದ ಬಹಳ ದೂರವಿಲ್ಲದ ಕಿತ್ತೂರಿನಲ್ಲಿಯೇ 1986ರಲ್ಲಿ, ದೇಶದ್ದೇ ಆದ ದೂರವಾಣಿ ತಂತ್ರಜ್ಞಾನ ರೂಪಿಸಲು ಸರ್ಕಾರ ಕಟ್ಟಿದ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾಯಿತು. 128 ಪೋರ್ಟಿನ, ಎಂದರೆ ಅಷ್ಟು ಜೋಡಣೆಗಳಿಗೆ ಜಾಗವಿದ್ದ ಪುಟ್ಟ ಯಂತ್ರ, ಹವಾನಿಯಂತ್ರಿತ ಕೋಣೆಯೂ ಬೇಡ. ದೂರದವರ ದನಿ ಹಳ್ಳಿಯೊಳಗೆ ಬಂದದ್ದು ಇಂಥ ಯಂತ್ರಗಳಿಂದ. ಇವತ್ತು ಮೊಬೈಲಿನಲ್ಲಿ ಎಷ್ಟು ಹೊತ್ತು ಮಾತನಾಡಿದರೂ ಅಂಕಿ ಏರುವುದಿಲ್ಲ. ಆದರೂ ಗಂಟಲಲ್ಲಿ ಉಳಿದದ್ದು ಅಲ್ಲಿಯೇ ಉಳಿದಿದೆ. ತಂದೆಯ ಕೊನೆಯ ದಿನಗಳಲ್ಲಿ ಪಕ್ಕದಲ್ಲಿ ಕುಳಿತೂ ಒಂದು ಮಾತು ಆಡಲಾಗದ ಮಕ್ಕಳಿದ್ದಾರೆ. ಹಿಸ್ಸೆಯ ಜಗಳದಲ್ಲಿ ಅಣ್ಣನ ಮನೆಯ ಮೆಟ್ಟಿಲು ತುಳಿಯದೆ ವರ್ಷಗಳನ್ನು ಕಳೆದ ತಮ್ಮಂದಿರಿದ್ದಾರೆ. ಎದುರಿಗಿರುವವರ ಉತ್ತರದ ಹೆದರಿಕೆ ಮೀಟರಿಗಿಂತ ದೊಡ್ಡದು. ಆ ಹೆದರಿಕೆ ಇಲ್ಲದ ಒಂದು ಜಾಗ ಊರಿನಲ್ಲಿ ಇರಲೇಬೇಕು ಎಂದು ನನಗೆ ಬಹಳ ಕಾಲದಿಂದ ಅನ್ನಿಸಿತ್ತು.

ಇದು ಹೊಸ ಯೋಚನೆಯಲ್ಲ. ಜಪಾನಿನ ಇವಾತೆ ಪ್ರಾಂತದ ಓತ್ಸುಚಿಯಲ್ಲಿ ಇತಾರು ಸಸಾಕಿ ಎಂಬ ತೋಟಗಾರರು 2010ರಲ್ಲಿ ತಮ್ಮ ತೋಟದೊಳಗೆ ಬಿಳಿ ಚೌಕಟ್ಟಿನ ಗಾಜಿನ ಬೂತೊಂದನ್ನು ನಿಲ್ಲಿಸಿ, ಅದರಲ್ಲಿ ಡಯಲ್ ಇರುವ ಕಪ್ಪು ಫೋನು ಇಟ್ಟರು. ಅದಕ್ಕೆ ಸಂಪರ್ಕದ ತಂತಿಯೇ ಇಲ್ಲ. ಕ್ಯಾನ್ಸರಿನಿಂದ ತೀರಿಕೊಂಡ ತಮ್ಮ ಸೋದರಸಂಬಂಧಿಯ ಜೊತೆ ಮಾತನಾಡಲು ಅವರು ಅದನ್ನು ಮಾಡಿಕೊಂಡದ್ದು. 2011ರ ಮಾರ್ಚ್ 11ರ ಸುನಾಮಿ ಆ ಊರಿನ ಸಾವಿರಕ್ಕೂ ಹೆಚ್ಚು ಜನರನ್ನು ಕೊಂಡೊಯ್ದ ಮೇಲೆ ಅವರು ಬೂತನ್ನು ಎಲ್ಲರಿಗೂ ತೆರೆದರು. ಸಾವಿರಾರು ಜನ ಅಲ್ಲಿಗೆ ಹೋಗಿ ಮಾತನಾಡಿ ಬಂದಿದ್ದಾರೆ. ‘ಗಾಳಿ ಫೋನು’ ಎಂದು ಅದನ್ನು ಕರೆಯುತ್ತಾರೆ. ಅಂಥವು ಈಗ ಬೇರೆ ದೇಶಗಳಲ್ಲೂ ಇವೆ.

ಇನ್ನೊಂದು ದಾರಿಯೂ ಇತ್ತು. ನ್ಯೂಯಾರ್ಕಿನಲ್ಲಿ 1980ರಲ್ಲಿ ಆಲನ್ ಬ್ರಿಜ್ ಎಂಬ ಕಲಾವಿದ ತನ್ನ ಫೋನಿಗೆ ಧ್ವನಿ ದಾಖಲಿಸುವ ಯಂತ್ರ ಜೋಡಿಸಿ, ಕ್ಷಮೆ ಕೇಳಬೇಕಾದವರು ಹೆಸರು ಹೇಳದೆ ಕರೆ ಮಾಡಲಿ ಎಂದು ಗೋಡೆಗೋಡೆಗೆ ಭಿತ್ತಿಪತ್ರ ಅಂಟಿಸಿದ. ಗುರುತು ಸಿಗದಂತೆ ಸಾರ್ವಜನಿಕ ಫೋನಿನಿಂದ ಮಾತನಾಡಿ ಎಂದೂ ಕೇಳಿಕೊಂಡಿದ್ದ. 1995ರಲ್ಲಿ ಅವನು ತೀರಿಕೊಳ್ಳುವವರೆಗೂ ಕರೆಗಳು ಬರುತ್ತಲೇ ಇದ್ದವು. ಹಾಗೆ ಬಂದ ಧ್ವನಿಗಳನ್ನು ಬೇರೆಯವರೂ ಕೇಳುತ್ತಿದ್ದರು. ತನ್ನಂಥ ಇನ್ನೊಬ್ಬರಿದ್ದಾರೆ ಎಂದು ತಿಳಿಯುವುದರಲ್ಲಿ ಸಮಾಧಾನವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನ್ಯೂಯಾರ್ಕಿನಲ್ಲಿ ದನಿಗೆ ಹೆಸರಿಲ್ಲ. ನಮ್ಮಂಥ ಊರಿನಲ್ಲಿ ಕತ್ತಲಲ್ಲಿ ಕೆಮ್ಮಿದರೂ ಇಂಥವರ ಮನೆಯವರೆಂದು ಹೇಳಿಬಿಡುತ್ತಾರೆ. ದಾಖಲಿಸಿ ಹೆಸರು ಮುಚ್ಚಿಡುತ್ತೇನೆ ಎಂದರೆ ನಂಬುವವರಿಲ್ಲ, ನಂಬಲೂ ಬಾರದು. ಅನಾಮಿಕತೆ ನನ್ನ ಬಾಯಿಮಾತಿನ ಭರವಸೆಯಾಗಿ ಉಳಿಯಬಾರದು. ಮರ, ತಂತಿ, ಗಾಜುಗಳಲ್ಲೇ ಅದನ್ನು ಕಟ್ಟಬೇಕು. ಮುಂದಿನ ಕೆಲಸವೆಲ್ಲ ಈ ಒಂದು ತೀರ್ಮಾನದಿಂದ ಹುಟ್ಟಿದ್ದು.

ಫೋನು

ಹುಬ್ಬಳ್ಳಿಯ ಹಳೆಯ ಸಾಮಾನಿನ ಸಂತೆಯಲ್ಲಿ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ತಯಾರಿಕೆಯ ಕಪ್ಪು ಫೋನು ಸಿಕ್ಕಿತು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ದೂರವಾಣಿ ನಗರ ಎಂಬ ಬಡಾವಣೆಯೇ ಸುತ್ತ ಬೆಳೆದ ಕಾರ್ಖಾನೆ ಅದು. ಬಸ್ಸು ನಿಲ್ದಾಣದಿಂದ ಸರ್ಕಾರಿ ಕಚೇರಿಯವರೆಗೆ ಒಂದು ಕಾಲಕ್ಕೆ ಎಲ್ಲೆಲ್ಲೂ ಇದ್ದದ್ದು ಇದೇ ಭಾರದ, ಇದೇ ತಣ್ಣನೆಯ ಮೈಯ ಫೋನು. ಬೂತುಗಳಲ್ಲಿ ಕೊನೆಕೊನೆಗೆ ಗುಂಡಿ ಒತ್ತುವ ಫೋನುಗಳೇ ಇದ್ದವು. ಅವುಗಳೊಳಗೆ ಎಲೆಕ್ಟ್ರಾನಿಕ್ ಬೋರ್ಡು ಇರುತ್ತದೆ. ಡಯಲ್ ಫೋನಿನೊಳಗೆ ಇರುವುದು ತಂತಿ, ಸುರುಳಿ, ಸ್ಪ್ರಿಂಗು, ಒಂದು ಕೆಪಾಸಿಟರ್, ಒಂದು ಗಂಟೆ. ನೆನಪಿಟ್ಟುಕೊಳ್ಳಬಲ್ಲ ಭಾಗ ಅದರಲ್ಲಿ ಒಂದೂ ಇಲ್ಲ. ನನಗೆ ಬೇಕಾಗಿದ್ದದ್ದೂ ಅದೇ.

ಮೈ ತೊಳೆಯುವ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ: ಸಾಬೂನಿನ ನೀರು, ಒಣಬಟ್ಟೆ, ಆಮೇಲೆ ಲೋಹ ಹೊಳೆಯಿಸುವ ಪಾಲಿಶ್ ಚೂರೇ ಚೂರು. ಫೋನಿನ ಮೈ ಬೇಕಲೈಟ್ ಎಂಬ ಹಳೆಯ ಬಗೆಯ ಗಟ್ಟಿ ಪ್ಲಾಸ್ಟಿಕ್ಕಿನದು; ಅದನ್ನು ನೀರಿನಲ್ಲಿ ನೆನೆಹಾಕಬಾರದು, ಮೇಲ್ಮೈ ಮಂಕಾಗುತ್ತದೆ.

ಮಲ್ಟಿಮೀಟರ್ ಇಟ್ಟು ನೋಡಿದಾಗ ಮೈಕಿನ ಕಡೆ ಕರೆಂಟು ಹರಿಯುತ್ತಿತ್ತು, ಕಿವಿಯ ಕಡೆ ಸದ್ದಿಲ್ಲ. ಕಿವಿಯ ಭಾಗದ ಸುರುಳಿ ತುಂಡಾಗಿದೆ ಎಂದು ಅದನ್ನು ಬಿಸಾಡುವವರೇ ಹೆಚ್ಚು. ಹಾಗೆ ಮಾಡುವ ಮೊದಲು ಡಯಲನ್ನು ನೋಡಬೇಕು. ಡಯಲಿನ ಹಿಂದೆ ಎರಡು ಬಗೆಯ ಲೋಹದ ಸಂಪರ್ಕ ಪತ್ತಿಗಳಿವೆ. ಒಂದು ಜೋಡಿ, ಡಯಲು ಹಿಂತಿರುಗುವಾಗ ಲೈನನ್ನು ಕತ್ತರಿಸಿ ಕತ್ತರಿಸಿ ಅಂಕಿಯನ್ನು ಕಳುಹಿಸುತ್ತದೆ. ಇನ್ನೊಂದು ಗುಂಪು, ಡಯಲು ತನ್ನ ಸ್ಥಾನ ಬಿಟ್ಟ ಕೂಡಲೇ ಮುಚ್ಚಿಕೊಂಡು ಕಿವಿಯ ಭಾಗವನ್ನು ಶಾರ್ಟ್ ಮಾಡಿ ಸದ್ದಡಗಿಸುತ್ತದೆ. ಅಂಕಿಯ ಟಕಟಕ ಕಿವಿಗೆ ಬಡಿಯದಿರಲಿ ಎಂಬ ಏರ್ಪಾಡು ಅದು. ನನ್ನ ಫೋನಿನ ಡಯಲು ಎಣ್ಣೆ ಒಣಗಿ ಅಂಟಾಗಿ, ಪೂರ್ತಿ ಹಿಂದಕ್ಕೆ ಬರದೆ ತನ್ನ ಸ್ಥಾನದಿಂದ ಕೂದಲೆಳೆಯಷ್ಟು ದೂರದಲ್ಲೇ ನಿಲ್ಲುತ್ತಿತ್ತು. ಪತ್ತಿಗಳು ಮುಚ್ಚಿಕೊಂಡೇ ಇದ್ದವು. ಬೆರಳಿನಿಂದ ಡಯಲನ್ನು ಮೆಲ್ಲಗೆ ತನ್ನ ಸ್ಥಾನಕ್ಕೆ ನೂಕಿದೆ. ಕಿವಿಯಲ್ಲಿ ಒಂದು ‘ಟಕ್’, ಅದರ ಹಿಂದೆಯೇ ನನ್ನ ಉಸಿರಿನ ಸದ್ದು.

ಡಯಲನ್ನು ಬಿಚ್ಚಿ ಒಳಗೆ ನೋಡುವುದು ಕಣ್ಣಿಗೆ ಹಬ್ಬ. ಹಿತ್ತಾಳೆಯ ಪುಟ್ಟ ಹಲ್ಲುಚಕ್ರ, ಅದಕ್ಕೆ ಕಚ್ಚಿಕೊಂಡ ತಿರುಪಿನ ದಂಡ, ದಂಡದ ತುದಿಯಲ್ಲಿ ಗವರ್ನರ್. ಡಯಲು ವೇಗವಾಗಿ ತಿರುಗಿದರೆ ಗವರ್ನರಿನ ರೆಕ್ಕೆಗಳು ಹೊರಕ್ಕೆ ಬಿಚ್ಚಿಕೊಂಡು ಬಟ್ಟಲಿನ ಗೋಡೆಗೆ ಉಜ್ಜಿ ಅದನ್ನು ತಡೆಯುತ್ತವೆ. ಹಾಗಾಗಿ ಯಾರು ಎಷ್ಟೇ ಅವಸರದಲ್ಲಿ ತಿರುಗಿಸಿದರೂ ಡಯಲು ಹಿಂತಿರುಗುವುದು ಒಂದೇ ಲಯದಲ್ಲಿ, ಸೆಕೆಂಡಿಗೆ ಹತ್ತು ಮಿಡಿತದಂತೆ. ಸೊನ್ನೆಗೆ ಹತ್ತು ಮಿಡಿತ, ಎಂದರೆ ಸುಮಾರು ಒಂದು ಸೆಕೆಂಡು. ಪೆಟ್ರೋಲಿನಲ್ಲಿ ಅದ್ದಿದ ಕುಂಚದಿಂದ ಹಳೆಯ ಅಂಟನ್ನೆಲ್ಲ ತೆಗೆದೆ. ಹಲ್ಲುಚಕ್ರದ ಅಚ್ಚಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ಮೊನೆಯಲ್ಲಿ ಮುಟ್ಟಿಸಿದೆ. ಗವರ್ನರಿನ ಬಟ್ಟಲಿಗೆ ಎಣ್ಣೆ ತಾಗಕೂಡದು, ತಾಗಿದರೆ ತಡೆಯೇ ಇರುವುದಿಲ್ಲ.

ಯಾವ ಎಕ್ಸ್‌ಚೇಂಜೂ ಎಣಿಸದ ಅಂಕಿಗಳಿಗೆ ಇಷ್ಟು ಉಪಚಾರ ಏಕೆಂದು ಕೇಳಿದವರಿದ್ದಾರೆ. ತೀರಿಕೊಂಡವರ ಮನೆಯ ನಂಬರು ಎಷ್ಟೋ ಜನರ ಬೆರಳಿನಲ್ಲಿ ಇನ್ನೂ ಇದೆ. ಎಸ್‌ಟಿಡಿ ಎಂದರೆ ಮೊದಲು ಸೊನ್ನೆ, ಅತಿ ಉದ್ದನೆಯ ಸುತ್ತು. ಆಮೇಲೆ ಊರಿನ ಸಂಖ್ಯೆ, ಆಮೇಲೆ ಮನೆಯದು. ಒಂದೊಂದು ಅಂಕಿಯೂ ಗಿರ್ರೆಂದು ಹಿಂತಿರುಗುವಾಗ ಮನಸ್ಸಿಗೆ ಮಾತು ಜೋಡಿಸಿಕೊಳ್ಳಲು ಅಷ್ಟಷ್ಟು ಹೊತ್ತು ಸಿಗುತ್ತದೆ. ಆ ಹೊತ್ತು ಮಾತಿನ ಭಾಗವೇ ಎಂದು ನಾನು ನಂಬಿದ್ದೇನೆ. ಡಯಲು ನಡುವೆ ಕಚ್ಚಿಕೊಂಡರೆ ಮಾತು ಕೂಡ ಅಲ್ಲಿಯೇ ಕಚ್ಚಿಕೊಳ್ಳುತ್ತದೆ.

ಮೈಕಿನೊಳಗೆ ಇರುವುದು ಕಾರ್ಬನ್ನಿನ ಕಾಳು, ರವೆಗಿಂತ ಸಣ್ಣ. ದನಿ ತಾಗಿದಾಗ ಕಾಳುಗಳು ಒತ್ತಿಕೊಂಡು ಸಡಿಲವಾಗಿ ಕರೆಂಟನ್ನು ಹೆಚ್ಚು ಕಡಿಮೆ ಮಾಡುತ್ತವೆ. ವರ್ಷಗಟ್ಟಲೆ ಬಳಸದೆ ಇಟ್ಟಾಗ ಕಾಳು ಗಟ್ಟಿಯಾಗಿ ಕೂರುತ್ತದೆ, ದನಿ ದೂರದಿಂದ ಬಂದ ಹಾಗೆ ಕೇಳುತ್ತದೆ. ಮೈಕಿನ ಬಿಲ್ಲೆಯನ್ನು ಹೊರತೆಗೆದು ಅಂಗೈ ಮೇಲೆ ಅಂಚಿನಿಂದ ತಟ್ಟಿದರೆ ಸರಿಹೋಗುತ್ತದೆ. ಹಿಂದೆ ಲೈನ್‌ಮನ್‌ಗಳು ರಿಸೀವರನ್ನು ತೊಡೆಗೆ ಬಡಿದು ಕೊಡುತ್ತಿದ್ದದ್ದು ಇದಕ್ಕಾಗಿಯೇ.

ಜೀವವಿರುವ ಲೈನು

ಓತ್ಸುಚಿಯ ಫೋನು ಮೌನವಾಗಿದ್ದರೂ ಸುತ್ತಲೂ ಗಾಳಿಯಿದೆ, ತೋಟವಿದೆ, ಕೆಳಗೆ ಕಡಲಿದೆ. ಮುಚ್ಚಿದ ಕ್ಯಾಬಿನ್ನಿನಲ್ಲಿ ತಂತಿಯಿಲ್ಲದ ರಿಸೀವರನ್ನು ಕಿವಿಗೆ ಹಿಡಿದರೆ ಅದು ಸತ್ತ ಫೋನೆಂದು ಮೊದಲ ಕ್ಷಣದಲ್ಲೇ ತಿಳಿಯುತ್ತದೆ, ಬಾಯಿ ಕಟ್ಟುತ್ತದೆ. ಲೈನಿಗೆ ಜೀವವಿದೆ ಎಂದು ಕಿವಿಗೆ ಅನ್ನಿಸುವುದು ಸೈಡ್‌ಟೋನಿನಿಂದ. ನಾವು ಆಡಿದ ಮಾತಿನ ಒಂದು ಪಾಲನ್ನು ಫೋನು ನಮ್ಮ ಕಿವಿಗೇ ಮರಳಿಸುತ್ತದೆ. ಅದು ಇದ್ದಾಗ ಯಾರ ಗಮನಕ್ಕೂ ಬರುವುದಿಲ್ಲ, ಇಲ್ಲದಿದ್ದಾಗ ಮಾತ್ರ ‘ಹಲೋ, ಹಲೋ’ ಎಂದು ಕೂಗುತ್ತೇವೆ.

ಆದ್ದರಿಂದ ಫೋನಿಗೆ ಕರೆಂಟು ಕೊಡಬೇಕಾಯಿತು. ಎಕ್ಸ್‌ಚೇಂಜ್ ಕೊಡುವುದು 48 ವೋಲ್ಟು, ಆದರೆ ಅದು ಮೈಲುಗಟ್ಟಲೆ ತಂತಿಯನ್ನು ದಾಟಲಿಕ್ಕೆ. ಇಲ್ಲಿ ತಂತಿಯ ಉದ್ದ ಮೊಣಕೈಯಷ್ಟು. 12 ವೋಲ್ಟ್, 7 ಆಂಪಿಯರ್-ಅವರಿನ ಮುಚ್ಚಿದ ಬ್ಯಾಟರಿ, ಅದರ ಧನ ತುದಿಗೆ ಅಂಟಿಕೊಂಡಂತೆ ಒಂದು ಪುಟ್ಟ ಫ್ಯೂಸು, ಸರಣಿಯಲ್ಲಿ ಅರ್ಧ ವಾಟಿನ ಒಂದು ರೆಸಿಸ್ಟರ್, ಅಲ್ಲಿಂದ ಫೋನಿನ ಎರಡು ಲೈನ್ ತುದಿಗಳು. ಸರ್ಕ್ಯೂಟ್ ಇಷ್ಟೇ. ಮೈಕಿಗೆ 20 ಮಿಲಿಆಂಪಿಯರಿನ ಮೇಲೆ ಸಿಕ್ಕರೆ ಸಾಕು. ರಿಸೀವರ್ ಇಟ್ಟಾಗ ಹುಕ್ ಸ್ವಿಚ್ ದಾರಿಯನ್ನು ಕತ್ತರಿಸುತ್ತದೆ. ಗಂಟೆಯ ದಾರಿಯಲ್ಲಿ ಬ್ಯಾಟರಿಯ ಕರೆಂಟನ್ನು ಹಾಯಗೊಡದ ಕೆಪಾಸಿಟರ್ ಇರುವುದರಿಂದ ಅಲ್ಲಿಂದಲೂ ಬ್ಯಾಟರಿ ಸೋರುವುದಿಲ್ಲ. ಎತ್ತಿದಾಗ ಮಾತ್ರ ಖರ್ಚು. ಹಾಗಾಗಿ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಲೆಕ್ಕದಲ್ಲಿ ಇನ್ನೂರು ಗಂಟೆಗೂ ಮೀರಿದ ಮಾತಿಗೆ ಬರುತ್ತದೆ. ಗೋಡೆಯ ಪ್ಲಗ್ಗಿಗೆ ಹಾಕುವ ಅಡಾಪ್ಟರ್ ಬೇಡವೇ ಬೇಡ. ಅಗ್ಗದ ಅಡಾಪ್ಟರಿನ ಗುಂಯ್‌ಗುಡುವಿಕೆಯೆಲ್ಲ ಕಿವಿಯೊಳಗೆ ಬಂದು ಕೂರುತ್ತದೆ.

ರೆಸಿಸ್ಟರಿನ ಬೆಲೆಯನ್ನು ಆರಿಸುವುದರಲ್ಲಿ ಈ ಇಡೀ ಕೆಲಸದ ಸೊಗಸು ಇದೆ. ಫೋನಿನೊಳಗಿನ ಸುರುಳಿ ಸೈಡ್‌ಟೋನನ್ನು ತಗ್ಗಿಸಲೆಂದೇ ಇರುವುದು. ಅದರ ತೂಕ ಸರಿಯಾಗಿ ಕೂರುವುದು ಹೊರಗಿನ ಲೈನು ಅದು ನಿರೀಕ್ಷಿಸಿದಷ್ಟೇ ಇದ್ದಾಗ. ರೆಸಿಸ್ಟರ್ ಕಡಿಮೆ ಮಾಡಿದಷ್ಟೂ ತೂಕ ತಪ್ಪಿ ನಮ್ಮ ದನಿ ಕಿವಿಗೆ ಹೆಚ್ಚು ಬರುತ್ತದೆ. 470 ಓಮ್ ಇದ್ದಾಗ ದನಿ ಸಣ್ಣದಾಗಿತ್ತು, 330ರಲ್ಲಿ ಮಾಮೂಲು ಫೋನಿನಂತಿತ್ತು, 220ಕ್ಕೆ ಇಳಿಸಿದಾಗ ನನ್ನ ದನಿ ನನಗೆ ತೀರಾ ಹತ್ತಿರ ಕೇಳಿತು. ತನ್ನ ದನಿ ಹೀಗೆ ಜೋರಾಗಿ ಕೇಳಿದರೆ ಮನುಷ್ಯ ತಾನಾಗಿಯೇ ದನಿ ತಗ್ಗಿಸುತ್ತಾನೆ. ಫೋನಿನ ಎಂಜಿನಿಯರುಗಳಿಗೆ ಇದು ತೊಂದರೆ, ಆ ಕಡೆಯವರಿಗೆ ಕೇಳಿಸುವುದಿಲ್ಲ. ನನಗೆ ಆ ಕಡೆಯವರೇ ಇಲ್ಲ. ಒಳಗಿರುವವರು ಮೆಲ್ಲಗೆ ಮಾತನಾಡಿದಷ್ಟೂ ಹೊರಗೆ ಸೋರುವುದು ಕಡಿಮೆ. 220 ಓಮ್ ಅನ್ನೇ ಬೆಸುಗೆ ಹಾಕಿದೆ.

ಡಯಲ್ ಟೋನ್ ಕೊಡಬೇಕೇ ಎಂಬುದು ದೊಡ್ಡ ಪ್ರಶ್ನೆಯಾಗಿತ್ತು. ಒಂದು ಪುಟ್ಟ ಮೈಕ್ರೋಕಂಟ್ರೋಲರ್ ಹಾಕಿದರೆ ರಿಸೀವರ್ ಎತ್ತಿದ ಕೂಡಲೇ ನಮ್ಮ ಹಳೆಯ ಎಕ್ಸ್‌ಚೇಂಜುಗಳ 400 ಹರ್ಟ್ಸಿನ ಗುರುಗುಡುವ ದನಿ ಬರುತ್ತದೆ, ಮೊದಲ ಅಂಕಿ ತಿರುಗಿಸಿದಾಗ ನಿಲ್ಲುತ್ತದೆ. ಕೇಳಲು ಚೆಂದ. ಆದರೆ ಅದರ ಜೊತೆಗೆ ಒಂದು ಹಸಿರು ಬೋರ್ಡು, ಬೋರ್ಡಿನ ಮೇಲೆ ಒಂದು ಕಪ್ಪು ಚಿಪ್ಪು ಬರುತ್ತದೆ. ಆ ಚಿಪ್ಪು ಏನು ಮಾಡುತ್ತಿದೆ ಎಂದು ನೋಡಿದವರಿಗೆ ತಿಳಿಯುವ ದಾರಿಯಿಲ್ಲ. ಡಯಲ್ ಟೋನನ್ನು ಕೈಬಿಟ್ಟೆ.

ಅದೇ ಕಾರಣಕ್ಕೆ ಫೋನಿನ ತಳದ ಲೋಹದ ತಟ್ಟೆಯನ್ನು ತೆಗೆದು, ಅದೇ ಅಳತೆಗೆ ಮೂರು ಮಿಲಿಮೀಟರಿನ ಪಾರದರ್ಶಕ ಅಕ್ರಿಲಿಕ್ ಹಾಳೆಯನ್ನು ಕತ್ತರಿಸಿ ಕೂರಿಸಿದೆ. ಬ್ಯಾಟರಿಯ ಡಬ್ಬಿಗೂ ಅಕ್ರಿಲಿಕ್ ಮುಚ್ಚಳವೇ. ಫೋನನ್ನು ಎತ್ತಿ ತಿರುಗಿಸಿದರೆ ಎಲ್ಲವೂ ಕಾಣುತ್ತದೆ: ಎರಡು ತಂತಿ ಒಳಗೆ ಬರುತ್ತವೆ, ಸುರುಳಿಗೆ ಹೋಗುತ್ತವೆ, ಮುಗಿಯಿತು. ತಂತಿಯ ಇನ್ನೊಂದು ತುದಿ ಬ್ಯಾಟರಿಗೆ ಸೇರಿರುವುದು ಹಲಗೆಯ ಮೇಲೆಯೇ ಕಾಣುತ್ತದೆ, ಗೋಡೆಯೊಳಗೆ ಯಾವುದೂ ಹೋಗುವುದಿಲ್ಲ. ಶಾಲೆಯ ಮಕ್ಕಳೂ ಬೆರಳಿಟ್ಟು ದಾರಿ ಹಿಡಿದು ನೋಡಬಹುದು, ನೋಡಿದ್ದಾರೆ.

ಮೀಟರನ್ನು ಕಳಚಿ ಹಾಕಿದೆ. ಅದಿದ್ದ ಜಾಗದಲ್ಲಿ ಸನ್‌ಮೈಕಾದ ಬಣ್ಣ ಇನ್ನೂ ಗಾಢವಾಗಿದೆ. ಹಲಗೆಯ ಮೇಲಿನ ಕೆತ್ತಿದ ನಂಬರುಗಳನ್ನು ಉಜ್ಜಿ ತೆಗೆದೆವು. ಬದುಕಿರುವವರ ನಂಬರುಗಳೂ ಅದರಲ್ಲಿ ಇರಬಹುದು.

ಗೋಡೆ, ಬಾಗಿಲು, ಗಾಳಿ

ಫೋನು ಎಷ್ಟೇ ಚೆನ್ನಾಗಿದ್ದರೂ ಮಾತು ಹೊರಗೆ ಕೇಳಿಸುವುದಾದರೆ ಯಾರೂ ಬಾಯಿ ಬಿಡುವುದಿಲ್ಲ. ಹಳೆಯ ಬೂತುಗಳಲ್ಲಿ ಒಳಗಿನ ಮಾತೆಲ್ಲ ಅಂಗಡಿಯವನಿಗೆ ಕೇಳುತ್ತಿತ್ತು. ಊರಿನ ಸುದ್ದಿ ಹರಡುತ್ತಿದ್ದದ್ದೂ ಅಲ್ಲಿಂದಲೇ. ಮೊದಲು ಒಂದು ಟ್ರಾನ್ಸಿಸ್ಟರ್ ರೇಡಿಯೊವನ್ನು ಹಲಗೆಯ ಮೇಲಿಟ್ಟು, ಧಾರವಾಡ ಆಕಾಶವಾಣಿಯ ವಾರ್ತೆಗಳನ್ನು ಮಾತಿನ ಮಟ್ಟಕ್ಕೆ ಹಚ್ಚಿ ಬಾಗಿಲು ಹಾಕಿದೆ. ಎರಡು ಹೆಜ್ಜೆ ದೂರದಲ್ಲಿ ಪ್ರತಿ ಪದವೂ ಸ್ಪಷ್ಟ. ಪರೀಕ್ಷೆಗೆ ಹಾಡು ಆಗದು, ವಾರ್ತೆಯೇ ಬೇಕು. ಸದ್ದು ಬರುತ್ತದೆಯೇ ಎನ್ನುವುದು ಮುಖ್ಯವಲ್ಲ, ಪದ ತಿಳಿಯುತ್ತದೆಯೇ ಎನ್ನುವುದು ಮುಖ್ಯ. ಪದವನ್ನು ಬಿಡಿಸಿ ತೋರಿಸುವುದು ಸ, ತ, ಕ ಮುಂತಾದ ವ್ಯಂಜನಗಳು. ಅವುಗಳ ಸದ್ದು ಎತ್ತರದ ಆವರ್ತನದ್ದು, ಸಂದುಗಳಲ್ಲಿ ನುಸುಳಿಕೊಂಡು ಬರುತ್ತದೆ. ಸಂದು ಮುಚ್ಚಿ ಬಟ್ಟೆ ಹೊದಿಸಿದರೆ ಮೊದಲು ಸಾಯುವುದೂ ಅದೇ.

ಊರಿನ ಬಡಿಗರೊಬ್ಬರು ಜೊತೆಗೆ ನಿಂತರು. ಒಳಗೋಡೆಗೆ ಎರಡು ಅಂಗುಲ ಬಿಟ್ಟು 12 ಮಿಲಿಮೀಟರ್ ಪ್ಲೈವುಡ್ಡಿನ ಇನ್ನೊಂದು ಗೋಡೆ, ನಡುವೆ ತೆಂಗಿನ ನಾರು. ಬಾಗಿಲಿನ ನಾಲ್ಕೂ ಅಂಚಿಗೆ ರಬ್ಬರ್ ಬೀಡಿಂಗ್, ಕೆಳಗಿನ ಸಂದಿಗೆ ನೆಲ ಉಜ್ಜುವ ರಬ್ಬರ್ ಪಟ್ಟಿ. ಒಳಗಿನ ಎರಡು ಗೋಡೆಗೆ ಕೌದಿ ಹೊದಿಸಿದೆವು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಸೇರಿಸಿ ಒತ್ತೊತ್ತಾಗಿ ಹೊಲಿದ ಕೌದಿಗಿಂತ ಒಳ್ಳೆಯ ಸದ್ದು ಹೀರುವ ವಸ್ತು ನಮ್ಮ ಕಡೆ ಕೊಂಡರೂ ಸಿಗುವುದಿಲ್ಲ. ಮತ್ತೆ ರೇಡಿಯೊ ಹಚ್ಚಿದಾಗ ಹೊರಗೆ ಒಂದು ಗಂಡುದನಿ ಇದೆ ಎಂದಷ್ಟೇ ತಿಳಿಯಿತು, ಏನು ಹೇಳುತ್ತಿದೆ ಎಂದು ತಿಳಿಯಲಿಲ್ಲ. ಅಷ್ಟು ಸಾಕು.

ಆದರೆ ಹೀಗೆ ಬಿಗಿದ ಪೆಟ್ಟಿಗೆಯಲ್ಲಿ ಬೇಸಿಗೆಯಲ್ಲಿ ಒಬ್ಬರು ನಿಲ್ಲಲಾರರು. ಚಾವಣಿಯಲ್ಲಿ ಕಂಪ್ಯೂಟರಿನ ಪುಟ್ಟ ಫ್ಯಾನು ಇಟ್ಟು, ಗಾಳಿಯ ದಾರಿಯನ್ನು ಹಾವಿನಂತೆ ಮೂರು ಮಡಿಕೆಯಲ್ಲಿ ತಿರುಗಿಸಿ, ಒಳಮೈಗೆ ನಾರು ಅಂಟಿಸಿದೆವು. ಗಾಳಿ ಬಳಸಿಕೊಂಡು ಬರುತ್ತದೆ, ಮಾತು ಮಡಿಕೆಗಳಲ್ಲಿ ಸೋಲುತ್ತದೆ. ಫ್ಯಾನಿಗೆ ಬೇರೆಯದೇ ವಿದ್ಯುತ್ತು. ಫೋನಿನ ಬ್ಯಾಟರಿಗೇ ಅದನ್ನು ಸೇರಿಸಿದರೆ ಮೋಟಾರಿನ ಕಿರಿಕಿರಿ ಕಿವಿಯಲ್ಲಿ ಕೇಳುತ್ತದೆ. ಫ್ಯಾನಿನ ಸಣ್ಣ ಮೊರೆತ ಹೊರಗೆ ನಿಂತವರಿಗೆ ಅಳಿದುಳಿದ ಮಾತನ್ನೂ ಮುಚ್ಚುತ್ತದೆ.

ಬಾಗಿಲಿನ ಬೀಡಿಂಗ್ ಸರಿಯಾಗಿ ಕುಳಿತಿದೆಯೇ ಎಂದು ನೋಡಲು ಬಡಿಗರು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಹೊರಗಿನಿಂದ ನಾನು ಸಂದುಗಳಿಗೆ ಕಿವಿ ಇಡಬೇಕಾಗಿತ್ತು. ಡಯಲು ತಿರುಗುವ ಸದ್ದು ಕೇಳಿತು, ಮೊದಲು ಸೊನ್ನೆ. ನಾನು ಅಂಗಳಕ್ಕೆ ಹೋಗಿ ಪ್ಲೈವುಡ್ಡಿನ ಚೂರುಗಳನ್ನು ಒಟ್ಟುಮಾಡತೊಡಗಿದೆ. ಬಹಳ ಹೊತ್ತಿನ ಮೇಲೆ ಹೊರಗೆ ಬಂದವರು, ಕೆಳಗಿನ ಪಟ್ಟಿ ಎಡಮೂಲೆಯಲ್ಲಿ ಸ್ವಲ್ಪ ಎದ್ದಿದೆ ಎಂದಷ್ಟೇ ಹೇಳಿ ಸ್ಕ್ರೂಡ್ರೈವರ್ ಕೇಳಿದರು.

ಎಲ್ಲಿ ಇಡುವುದು

ಧ್ವನಿಯನ್ನು ಮುಚ್ಚುವುದಕ್ಕಿಂತ ಮುಖವನ್ನು ಮುಚ್ಚುವುದು ಕಷ್ಟ. ಬೂತನ್ನು ಬಸ್ಸು ನಿಲ್ದಾಣದ ಎದುರು ಇಟ್ಟರೆ, ಒಳಗೆ ಹೋದ ಹೆಣ್ಣುಮಗಳೊಬ್ಬಳ ಬಗ್ಗೆ ಸಂಜೆಯೊಳಗೆ ಹತ್ತು ಕತೆ ಹುಟ್ಟುತ್ತವೆ. ಗ್ರಂಥಾಲಯ ಸರಿಯಾದ ಜಾಗ ಎನ್ನಿಸಿತು. ಅಲ್ಲಿಗೆ ಯಾರು ಬಂದರೂ ಏಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಗ್ರಂಥಪಾಲಕಿ ಒಪ್ಪಿದರು, ಒಪ್ಪಿದ್ದಷ್ಟೇ ಅಲ್ಲ, ಕಪಾಟುಗಳ ಸಾಲನ್ನೇ ತಿರುಗಿಸಿಕೊಟ್ಟರು. ಈಗ ಹಿಂಬದಿಯ ಕಪಾಟಿನ ಕಡೆ ಹೋದವರು ಪುಸ್ತಕಕ್ಕೆ ಹೋದರೋ ಫೋನಿಗೆ ಹೋದರೋ ಪತ್ರಿಕೆಯ ಮೇಜಿನಲ್ಲಿ ಕುಳಿತವರಿಗೆ ಕಾಣುವುದಿಲ್ಲ. ಸಿಸಿಟಿವಿ ಕ್ಯಾಮೆರಾದ ನೋಟ ಆ ಸಾಲಿನವರೆಗೆ ಬರುವುದಿಲ್ಲ ಎಂದು ಪರದೆಯ ಮುಂದೆ ಕುಳಿತು ಖಾತ್ರಿ ಮಾಡಿಕೊಂಡೆವು. ಬಾಗಿಲಿನ ಗಾಜಿಗೆ ಮಂಜುಗಾಜಿನ ಹಾಳೆ ಅಂಟಿಸಿದೆವು. ಚಿಲಕ ಹಾಕಿದರೆ ಹೊರಗೆ ‘ಒಳಗೆ ಇದ್ದಾರೆ’ ಎಂಬ ಪಟ್ಟಿ ತಿರುಗುತ್ತದೆ. ಬೀಗದ ಕೈ ಇಲ್ಲ, ಹೆಸರು ಬರೆಯುವ ಪುಸ್ತಕವಿಲ್ಲ.

ಬಾಯಿ ಬಿಟ್ಟು ಹೇಳಲಾಗದವರಿಗೆ, ಮಾತು ಬಾರದವರಿಗೆ ಏನು ದಾರಿ ಎಂದು ಗ್ರಂಥಪಾಲಕಿಯೇ ಕೇಳಿದರು. ಕಾಗದದ ಪುಸ್ತಕ ಆಗದು. ಮೇಲಿನ ಹಾಳೆಯನ್ನು ಹರಿದರೂ ಪೆನ್ನಿನ ಒತ್ತು ಕೆಳಗಿನ ಹಾಳೆಯಲ್ಲಿ ಉಳಿಯುತ್ತದೆ, ಕೈಬರಹಕ್ಕೂ ಊರಿನಲ್ಲಿ ಗುರುತಿದೆ. ಕಲ್ಲಿನ ಸ್ಲೇಟು, ಬಳಪ, ಒದ್ದೆ ಬಟ್ಟೆ ಇಟ್ಟೆವು. ಬರೆದು ಒರೆಸಿ ಬರಬಹುದು. ಜಪಾನಿನ ಅವಾಶಿಮಾ ದ್ವೀಪದಲ್ಲಿ 2013ರಿಂದ ಒಂದು ಹಳೆಯ ಅಂಚೆ ಕಚೇರಿ, ವಿಳಾಸವೇ ಇಲ್ಲದವರಿಗೆ ಬರೆದ ಪತ್ರಗಳನ್ನು ಕಾಪಿಟ್ಟು ಬಂದವರಿಗೆ ಓದಲು ಕೊಡುತ್ತದೆ. ಆ ಪತ್ರಗಳು ದೂರದ ಊರುಗಳಿಂದ ಬರುತ್ತವೆ, ಆದ್ದರಿಂದ ಅಲ್ಲಿ ಅದು ನಡೆಯುತ್ತದೆ. ನಮ್ಮಲ್ಲಿ ಬರೆಯುವವರೂ ಓದುವವರೂ ಒಂದೇ ಬೀದಿಯವರು.

ಬೂತಿಗೆ ಹಾಕಿದ ಫಲಕದ ಮೇಲೆ ಇರುವುದು ನಾಲ್ಕು ಸಾಲು: ಈ ಫೋನು ಯಾರನ್ನೂ ತಲುಪುವುದಿಲ್ಲ. ಇಲ್ಲಿ ಏನೂ ದಾಖಲಾಗುವುದಿಲ್ಲ, ಫೋನನ್ನು ತಿರುಗಿಸಿ ನೋಡಿ. ಹೆಸರು ಬೇಡ. ಹೊತ್ತಿನ ಮಿತಿ ಇಲ್ಲ.

ಅದರ ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ 14416. ಇದು ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಆರಂಭವಾದದ್ದು, ನಮ್ಮ ನಿಮ್ಹಾನ್ಸ್ ಅದರ ಮುಂಚೂಣಿಯಲ್ಲಿದೆ. ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಎಲ್ಲಿಗೂ ತಲುಪದ ಫೋನನ್ನು ಇಡುವವರು ತಲುಪುವ ಫೋನಿನ ನಂಬರನ್ನು ಅದರ ಪಕ್ಕದಲ್ಲೇ ಇಡಬೇಕು ಎಂಬುದು ನನ್ನ ಕಟ್ಟುನಿಟ್ಟಿನ ಅಭಿಪ್ರಾಯ. ಕೆಲವು ಮಾತುಗಳಿಗೆ ಉತ್ತರ ಬೇಕು, ಆಗಲೇ ಬೇಕು. ಅಂಥವರಿಗಾಗಿ ಗ್ರಂಥಪಾಲಕಿ ತಮ್ಮ ಮೇಜಿನ ಫೋನನ್ನು ಏನೂ ಕೇಳದೆ ಕೊಡುತ್ತಾರೆ.

ನಡೆಸಿಕೊಂಡು ಹೋಗುವುದು

ಯಾರು ಬರುತ್ತಾರೆ, ಏನು ಹೇಳುತ್ತಾರೆ ಎಂದು ನನ್ನನ್ನು ಕೇಳುವವರಿಗೆ ಕೊಡಲು ಉತ್ತರವಿಲ್ಲ. ಬ್ಯಾಟರಿಯ ವೋಲ್ಟೇಜ್ ಇಳಿಯುತ್ತದೆ. ಸುಮ್ಮನಿದ್ದರೆ ಇಳಿಯುವುದಕ್ಕಿಂತ ಬಹಳ ಬೇಗ ಇಳಿಯುತ್ತದೆ. ಮಲ್ಟಿಮೀಟರಿನಲ್ಲಿ ನೋಡಿ ಚಾರ್ಜಿಗೆ ಹಾಕುತ್ತೇನೆಯೇ ಹೊರತು ಅಂಕಿಯನ್ನು ಬರೆದಿಡುವುದಿಲ್ಲ. ಯಾವ ದಿನ ಎಷ್ಟು ಇಳಿಯಿತು ಎಂದು ಬರೆದಿಟ್ಟರೆ ಅದೂ ಒಂದು ದಾಖಲೆಯಾಗುತ್ತದೆ. ಸ್ಲೇಟಿನ ಬಳಪ ಸವೆಯುತ್ತದೆ, ಹೊಸದನ್ನು ಇಡುತ್ತೇವೆ.

ಮಳೆಗಾಲ ಈ ಫೋನಿನ ಶತ್ರು. ತೇವ ಸೇರಿದ ಕಾರ್ಬನ್ ಕಾಳು ಚರಚರ ಎನ್ನುತ್ತದೆ. ಮೈಕಿನ ಮುಚ್ಚಳದೊಳಗೆ ತೆಳುವಾದ ಪ್ಲಾಸ್ಟಿಕ್ ಪೊರೆಯೊಂದನ್ನು ಹಾಕಿದರೆ ಉಸಿರಿನ ತೇವ ತಡೆಯುತ್ತದೆ, ದನಿಗೆ ಅಡ್ಡಿಯಿಲ್ಲ. ಬ್ಯಾಟರಿ ಡಬ್ಬಿಯ ಪಕ್ಕ ಸಿಲಿಕಾ ಜೆಲ್ ಪೊಟ್ಟಣವಿದೆ. ಕೌದಿಗಳನ್ನು ಆಗಾಗ ಬಿಸಿಲಿಗೆ ಹಾಕಬೇಕು, ಅದಕ್ಕೆಂದು ಮೊಳೆಯ ಬದಲು ಕೊಕ್ಕೆ ಹೊಡೆದಿದ್ದೇವೆ. ರಿಸೀವರನ್ನು ದಿನವೂ ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸುವುದು ಗ್ರಂಥಪಾಲಕಿಯ ಕೆಲಸ. ಬಾಗಿಲಿನ ಕೆಳಗಿನ ರಬ್ಬರ್ ಪಟ್ಟಿ ಎಲ್ಲಕ್ಕಿಂತ ಬೇಗ ಹರಿಯುತ್ತದೆ, ಒಂದನ್ನು ಹೆಚ್ಚುವರಿಯಾಗಿ ತಂದಿಟ್ಟುಕೊಳ್ಳಬೇಕು.

ಪಕ್ಕದ ತಾಲೂಕಿನ ಗ್ರಂಥಾಲಯದವರು ತಮಗೂ ಇಂಥದ್ದು ಬೇಕೆಂದು ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಅವರಿಗೆ ಕ್ಯಾಬಿನ್ ಸಿಕ್ಕಿಲ್ಲ, ಹಳೆಯ ಗೋದ್ರೆಜ್ ಬೀರುವಿನ ಮರೆಯಲ್ಲಿ ಮೂಲೆಯೊಂದನ್ನೇ ಕಟ್ಟಿಕೊಳ್ಳುತ್ತಾರಂತೆ. ಫೋನು ಕೊಳ್ಳುವಾಗ ಡಯಲನ್ನು ಸೊನ್ನೆಗೆ ತಿರುಗಿಸಿ ಬಿಟ್ಟು ಪೂರ್ತಿ ಹಿಂದಕ್ಕೆ ಬರುತ್ತದೆಯೇ ನೋಡಿ, ತಳದ ತಟ್ಟೆಯ ಸ್ಕ್ರೂ ನಾಲ್ಕೂ ಇವೆಯೇ ನೋಡಿ ಎಂದು ಹೇಳಿ ಕಳುಹಿಸಿದ್ದೇನೆ. ಅಕ್ರಿಲಿಕ್ ಹಾಳೆಯನ್ನು ನಾನೇ ಕತ್ತರಿಸಿಕೊಡುತ್ತೇನೆ.